ಒಂದನೇ ನಂಬರಿನ ತಾಕು

ಜೂನ್ ೪, ಭಾನುವಾರ

ಉದ್ಯಾನ ಕಚೇರಿಯ ಹೊಸ ಅಧಿಕಾರಿ ಇವತ್ತು ಕಮರಿಗೆ ಇಳಿದು ಬಂದಳು. ಹದಿನಾಲ್ಕು ವರ್ಷಗಳಲ್ಲಿ ನಾನು ನೋಡುತ್ತಿರುವ ಆರನೆಯ ಅಧಿಕಾರಿ. ಮೊದಲನೆಯವನು ಮೆಟ್ಟಿಲಿಗೆ ಕಂಬಿ ಹಾಕಿಸುತ್ತೇನೆ ಎಂದ, ಹಾಕಿಸಲಿಲ್ಲ. ಎರಡನೆಯವನು ಕಂಬಿಯ ಫೈಲು ಹುಡುಕಿಸುತ್ತೇನೆ ಎಂದ. ಮೂರನೆಯವನಿಗೆ ಊರಿನ ನಡುವೆ ಇಂಥದೊಂದು ಕಮರಿ ಇದೆ ಎಂಬುದೇ ಗೊತ್ತಿರಲಿಲ್ಲ. ನಾನೇ ನಕಾಶೆ ಬರೆದು ಕೊಟ್ಟೆ. ಇದೆಲ್ಲ ಅವರ ಕಚೇರಿಯಲ್ಲಿ ಯಾರಿಗೂ ನೆನಪಿಲ್ಲ. ನನಗೆ ತಾರೀಖಿನ ಸಮೇತ ನೆನಪಿದೆ.

ಈಕೆ ತಂದ ಸುದ್ದಿ: ದೊಡ್ಡಮ್ಮನನ್ನು ಸೆಪ್ಟೆಂಬರಿನಲ್ಲಿ ಕಡಿಯುತ್ತಾರೆ.

ದೊಡ್ಡಮ್ಮ ಎಂದರೆ ಇಳಿಜಾರಿನ ನೆತ್ತಿಯಲ್ಲಿರುವ ನಮ್ಮ ಮರ. ಆ ಜಾತಿಯದು ಊರಿನಲ್ಲಿ ಬೇರೊಂದಿಲ್ಲ. ನನ್ನ ಎರಡು ತೋಳು, ಹೆಂಡತಿಯ ಎರಡು ತೋಳು ಸೇರಿಸಿದರೂ ತಬ್ಬಿಕೆಗೆ ಸಿಗುವುದಿಲ್ಲ. ಅಧಿಕಾರಿ ಕಾಂಡಕ್ಕೆ ಸುತ್ತಿಗೆಯಿಂದ ತಟ್ಟಿದಳು. ಖಾಲಿ ಪೀಪಾಯಿಯ ಸದ್ದು ಬಂತು.

"ಒಳಗೆಲ್ಲ ಟೊಳ್ಳು ಸಾರ್. ಕೆಳಗೆ ದಾರಿ ಇದೆ, ಜನ ಓಡಾಡ್ತಾರೆ. ನಾನು ಕಣ್ಮುಚ್ಕೊಂಡು ಕೂರೋಕಾಗಲ್ಲ."

ಮೂವತ್ತು ವರ್ಷ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರಾಗಿದ್ದವನು ನಾನು. ಸದ್ದು ಕೇಳಿ ಸುಳ್ಳು ಹೇಳಲಾರೆ. ಮರ ಹೋಗುವುದು ನಿಜ. ನನ್ನ ರಕ್ತ ಕುದಿಸಿದ್ದು ಅದಲ್ಲ, ಆಮೇಲಿನ ಯೋಜನೆ. ಮರ ಕೆಡವಿದ ಮೇಲೆ ಇಳಿಜಾರನ್ನೆಲ್ಲ ಯಂತ್ರದಿಂದ ಕೆರೆಸಿ ನರ್ಸರಿಯ ಹೂಗಿಡಗಳನ್ನು ಸಾಲಾಗಿ ನೆಡುತ್ತಾರಂತೆ. ಬಸ್ ನಿಲ್ದಾಣದ ಮುಂದೆ ನೆಟ್ಟಿದ್ದಾರಲ್ಲ, ಅದೇ ಗುಲಾಬಿ ಬಣ್ಣದವು. ನಾನು ಮಾತಾಡಿದ್ದು ಸ್ವಲ್ಪ ಜೋರಾಯಿತು. ಆಕೆ ಜಗ್ಗಲಿಲ್ಲ. ನಿಯಮದ ಪುಸ್ತಕ ತೆಗೆದು ಒಂದು ಪುಟ ತೋರಿಸಿದಳು: ಅದೇ ಜಾತಿಯ, ತಾನಾಗಿ ಹುಟ್ಟಿದ ಮೂವತ್ತು ಸಸಿಗಳು ಇಳಿಜಾರಿನಲ್ಲಿದ್ದರೆ ಯಂತ್ರವೂ ಬರುವಂತಿಲ್ಲ, ನರ್ಸರಿಯೂ ಬರುವಂತಿಲ್ಲ.

"ಆಗಸ್ಟ್ ಮೂವತ್ತೊಂದರ ಒಳಗೆ ಮೂವತ್ತು ತೋರಿಸಿ ಸಾರ್. ಮೇಲಿನವರಿಗೆ ನಾನೇ ಬರೀತೀನಿ."

ಮೂವತ್ತಂತೆ. ಹದಿನಾಲ್ಕು ವರ್ಷದಲ್ಲಿ ನಾನು ಒಂದನ್ನೂ ಕಂಡಿಲ್ಲ. ಪ್ರತಿ ವರ್ಷ ಹಣ್ಣು ಬಿಡುತ್ತದೆ, ಹಕ್ಕಿಗಳು ತಿಂದು ಇಳಿಜಾರಿಗೆಲ್ಲ ಬೀಜ ಉದುರಿಸುತ್ತವೆ, ಮಳೆಯೂ ಬರುತ್ತದೆ, ಸಸಿ ಮಾತ್ರ ಇಲ್ಲ. ಬಸ್ಸುಗಳ ಹೊಗೆಯಿಂದ ಬೀಜ ಬಂಜೆಯಾಗಿದೆ ಎಂದು ನಾನೇ ತಿಂಗಳಿಗೊಮ್ಮೆ ಹೊರತರುವ ‘ಕಮರಿ ಸಮಾಚಾರ’ ಪತ್ರಿಕೆಯಲ್ಲಿ ಹನ್ನೊಂದು ಸಲ ಬರೆದಿದ್ದೇನೆ. ಯಾವ ಅಧಿಕಾರಿಯೂ ಉತ್ತರ ಕೊಟ್ಟಿಲ್ಲ.

ಜೂನ್ ೧೧, ಭಾನುವಾರ

ಭಾನುವಾರಗಳಲ್ಲಿ ಕಮರಿಯ ಕಳೆ ಕೀಳಲು ಬರುವ ನಮ್ಮ ಸ್ವಯಂಸೇವಕರಿಗೆ ಸುದ್ದಿ ಹೇಳಿದೆ. ಹದಿನೇಳು ಜನ ಬಂದಿದ್ದರು. ಒಬ್ಬೊಬ್ಬರಾಗಿ ಕಾಂಡಕ್ಕೆ ತಟ್ಟಿ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

ನಾನು ಹೇಳಿದ್ದು ಇಷ್ಟೇ. ಸಸಿ ಹುಟ್ಟಬೇಕಾದರೆ ನೆಲ ಸ್ವಚ್ಛವಾಗಿರಬೇಕು. ಈ ಮಳೆಗಾಲದಲ್ಲಿ ಐದುಬೆರಳು ಒಂದೂ ಉಳಿಯಕೂಡದು. ಐದುಬೆರಳು ಹೊರಗಿನಿಂದ ಬಂದ ಕಳೆ, ಅಂಗೈಯಂತೆ ಐದು ಸೀಳಿನ ಎಲೆ, ಒಂದು ಬಿಟ್ಟರೆ ನೂರಾಗುತ್ತದೆ. ಅದರ ಚಿತ್ರವನ್ನು ಸ್ಕೇಲು, ಕೈವಾರ ಹಿಡಿದು ನಾನೇ ಬರೆದದ್ದು. ಸಮಾಚಾರದ ಮೊದಲ ಸಂಚಿಕೆಯಲ್ಲಿ ಬಂದ ಆ ಚಿತ್ರ ಈಗಲೂ ಮೆಟ್ಟಿಲ ಬಳಿಯ ಬೋರ್ಡಿನ ಮೇಲಿದೆ, ಸುತ್ತಲಿನ ಮುನ್ನೂರು ಮನೆಗಳ ಅಡುಗೆಮನೆ ಗೋಡೆಯ ಮೇಲಿದೆ. ಪುಟ್ಟ ಮಕ್ಕಳೂ ಅದನ್ನು ನೋಡಿ ಕೀಳಲು ಕಲಿತಿದ್ದಾರೆ.

ಇಳಿಜಾರಿನಲ್ಲಿ ಹನ್ನೆರಡು ತಾಕುಗಳು. ದೊಡ್ಡಮ್ಮನ ಬುಡದಿಂದ ಬೀಸಣಿಗೆಯ ಕಡ್ಡಿಗಳ ಹಾಗೆ ಕೆಳಗಿನ ದಾರಿಯವರೆಗೆ ಹರಡಿವೆ. ಗೂಟ ನೆಟ್ಟು ನಂಬರು ಬರೆದು ಒಬ್ಬೊಬ್ಬರಿಗೆ ಒಂದೊಂದು ವಹಿಸಿದವನು ನಾನು. ಒಂದನೇ ನಂಬರು ನನ್ನದು. ಅಲ್ಲಿ ಹುಲ್ಲು ಮತ್ತು ಮಣ್ಣು ಬಿಟ್ಟು ಬೇರೇನೂ ಕಾಣಿಸದು. ಹೊಸಬರು ಬಂದರೆ ಮೊದಲು ಅದನ್ನೇ ತೋರಿಸುತ್ತೇನೆ. ಏಳನೇ ನಂಬರು ನಾಳೆ ಮೇಷ್ಟ್ರದು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ಮನುಷ್ಯ. ಯಾವಾಗ ಕೇಳಿದರೂ "ನಾಳೆ ಕೀಳ್ತೀನಿ" ಎನ್ನುತ್ತಾನೆ. ಮಡಚುವ ಕುರ್ಚಿ ತಂದು ಕೂರುತ್ತಾನೆ, ಹಕ್ಕಿ ನೋಡುತ್ತಾನೆ. ಏಳನೇ ತಾಕು ಕಮರಿಗೇ ಅವಮಾನ ಎಂದು ಸಮಾಚಾರದಲ್ಲಿ ಎರಡು ಸಲ ಹಾಕಿದ್ದೇನೆ. ಎರಡು ಸಲವೂ ಅದನ್ನು ಕತ್ತರಿಸಿ ತನ್ನ ಮನೆಯ ಬಾಗಿಲಿಗೆ ಅಂಟಿಸಿಕೊಂಡ.

ಜೂನ್ ೧೪

ಪುಸ್ತಕಗಳಲ್ಲೆಲ್ಲ ಹುಡುಕಿದೆ. ದೊಡ್ಡಮ್ಮನ ಜಾತಿಗೆ ಬಲಿತ ಎಲೆಯ ಚಿತ್ರ ಮಾತ್ರ ಇದೆ: ಸೌಟಿನ ಆಕಾರ, ಸೀಳಿಲ್ಲ, ಹೊಳಪು. ಸಸಿಯ ಬಗ್ಗೆ ಒಂದು ಸಾಲೂ ಇಲ್ಲ. ಪಂಡಿತರಿಗೆ ಮಕ್ಕಳು ಬೇಡವೇನೋ. ಆದ್ದರಿಂದ ಬಿದ್ದ ಹಣ್ಣುಗಳಿಂದ ಒಂಬತ್ತು ಬೀಜ ತೆಗೆದು, ಕಮರಿಯ ಮಣ್ಣು ತಂದು, ಬಾಲ್ಕನಿಯಲ್ಲಿ ಒಂಬತ್ತು ಕುಂಡದಲ್ಲಿ ಹಾಕಿದೆ. ಸಸಿ ಹೇಗಿರುತ್ತದೆಂದು ಮೊದಲು ಕಣ್ಣಿಗೆ ಗೊತ್ತಾಗಬೇಕು, ಆಮೇಲೆ ಇಳಿಜಾರಿನಲ್ಲಿ ಹುಡುಕುವುದು. ಇದು ವಿಧಾನ.

"ಬಟ್ಟೆ ಎಲ್ಲಿ ಒಣಗಿಸಲಿ?" ಎಂದಳು ಹೆಂಡತಿ.

ಜೂನ್ ೨೫, ಭಾನುವಾರ

ಹೋದ ವರ್ಷ ಸೇರಿದ ಆ ದರ್ಜಿ ಹೆಂಗಸು ಇವತ್ತು ಎಲ್ಲರ ಎದುರಿಗೆ ನನ್ನ ಮರ್ಯಾದೆ ತೆಗೆದಳು. ಕೆಲಸ ಮುಗಿಸಿ ಎಲ್ಲರೂ ನೀರು ಕುಡಿಯುತ್ತಿದ್ದೆವು. ನನ್ನ ನೆನಪಿನ ಶಕ್ತಿಯ ಬಗ್ಗೆ ಯಾರೋ ಒಳ್ಳೆಯ ಮಾತಾಡಿದರು.

"ಹಾಗಾದ್ರೆ ನಾನ್ಯಾರು ಹೇಳಿ ಇನ್‌ಸ್ಪೆಕ್ಟರ್ ಸಾಹೇಬ್ರೇ" ಎಂದಳು.

"ಒಂಬತ್ತನೇ ನಂಬರು" ಎಂದೆ.

"ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಅಂಗಡಿಗೆ ಬಂದು ಟೇಪು ಕಿತ್ಕೊಂಡು ಹೋದ್ರಲ್ಲ. ಅರ್ಧ ಇಂಚು ಉದ್ದ ಎಳೆದಿದೆ, ಸುಳ್ಳು ಅಳತೆ ಅಂತ. ಅಂಗಡಿ ಇಟ್ಟು ನಾಲ್ಕೇ ತಿಂಗಳಾಗಿತ್ತು."

ನನಗೆ ನೆನಪಾಗಲಿಲ್ಲ. ಸಾವಿರಾರು ಅಂಗಡಿಗೆ ಹೋದವನು ನಾನು.

"ಬಟ್ಟೆಯ ಟೇಪು ಎಳೆದುಕೊಳ್ಳುತ್ತೆ. ಬದಲಾಯಿಸಬೇಕು" ಎಂದೆ.

"ಅದು ನಂಗೆ ಹೇಗೆ ಗೊತ್ತಾಗ್ಬೇಕು? ಮೈ ಅಳೆದದ್ದೂ ಅದೇ ಟೇಪು, ಬಟ್ಟೆ ಅಳೆದದ್ದೂ ಅದೇ ಟೇಪು. ಎಲ್ಲರ ಅಂಗಿನೂ ಸರಿಯಾಗೇ ಕೂರ್ತಿತ್ತು."

ಜನ ನಕ್ಕರು. ಮೇಷ್ಟ್ರು ಕುರ್ಚಿಯಿಂದ ಬೀಳುವಷ್ಟು ನಕ್ಕ. ಕಳ್ಳ ತಕ್ಕಡಿಯವರೆಲ್ಲ ಇಂಥದೇ ವಾದ ಹೂಡುತ್ತಿದ್ದರು. ಮನೆಗೆ ಬಂದು ಹೇಳಿದರೆ ಇವಳೂ ನಕ್ಕಳು. ನ್ಯಾಯ ಎನ್ನುವುದು ಮನೆಯಿಂದಲೇ ಹೊರಟುಹೋಗಿದೆ.

ಜುಲೈ ೫

ಅನ್ಯಾಯ. ಒಂಬತ್ತು ಕುಂಡದಲ್ಲೂ ಐದುಬೆರಳು. ಮೊದಲ ಜೋಡಿ ಎಲೆ ಬಂದಾಗ ಸಂತೋಷಪಟ್ಟಿದ್ದೆ. ಮೂರನೆಯ ಎಲೆ ಬಿಚ್ಚಿದಾಗ ಅದೇ ಐದು ಸೀಳು. ಕಮರಿಯ ಮಣ್ಣು ಎಷ್ಟು ಕೆಟ್ಟಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಒಂಬತ್ತನ್ನೂ ಕಿತ್ತೆ.

ಇವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಹಾಕಿದ್ದು ಒಂಬತ್ತು ಬೀಜ, ಬಂದದ್ದು ಒಂಬತ್ತು ಗಿಡ. ಕಳೆಗೂ ಲೆಕ್ಕ ಬರುತ್ತಾ?"

"ನಿನಗೆ ಇದು ಅರ್ಥವಾಗಲ್ಲ" ಎಂದೆ.

"ಇರಬಹುದು" ಎಂದು ಬಟ್ಟೆ ಒಣಗಿಸಲು ಹೋದಳು.

ಜುಲೈ ೬

ಮಣ್ಣನ್ನು ಬಾಣಲೆಯಲ್ಲಿ ಹುರಿದೆ. ಹುರಿದ ಮಣ್ಣಿನಲ್ಲಿ ಯಾವ ಕಳೆಯ ಬೀಜವೂ ಬದುಕದು. ಮತ್ತೆ ಒಂಬತ್ತು ಬೀಜ ಹಾಕಿದೆ. ಬಾಣಲೆಯ ವಿಷಯಕ್ಕೆ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಜುಲೈ ೯, ಭಾನುವಾರ

ಒಳ್ಳೆಯ ಮಳೆಯಾಗಿದೆ, ಐದುಬೆರಳು ಎಲ್ಲೆಲ್ಲೂ ಎದ್ದಿದೆ. ಇಪ್ಪತ್ತೊಂದು ಜನ ಕಿತ್ತೆವು, ಎಂಟು ಚೀಲ ತುಂಬಿತು. ದೊಡ್ಡಮ್ಮನ ಸಸಿ ಒಂದೂ ಇಲ್ಲ. ನಾನು ಮೊಣಕಾಲೂರಿ ಒಂದನೇ ತಾಕನ್ನು ಅಂಗುಲ ಅಂಗುಲ ಹುಡುಕಿದೆ.

ದರ್ಜಿಯಾಕೆ ಒಂದು ಗಿಡ ಹಿಡಿದುಕೊಂಡು ಬಂದಳು. ಕಿತ್ತ ಕಡೆಯಲ್ಲಿ ಬಿಳಿ ಹಾಲು ಒಸರುತ್ತಿತ್ತು. "ಇದರಲ್ಲಿ ಹಾಲು ಬರುತ್ತೆ, ಚೀಲದ ಮೇಲಿರೋ ಅದರಲ್ಲಿ ಬರಲ್ಲ ಸಾರ್. ಇದರ ಎಲೆ ಹಿಂದುಗಡೆ ಮೆತ್ತಗಿದೆ, ಅದರದ್ದು ಗೋಣಿ ಹಾಗೆ. ಮುಟ್ಟಿ ನೋಡಿ. ಎರಡೂ ಒಂದೇ ಥಾನಿನ ಬಟ್ಟೆ ಅಲ್ಲ."

"ಚಿತ್ರ ನೋಡಿದಿರಾ?" ಎಂದೆ.

"ಚಿತ್ರದಲ್ಲಿ ಮುಟ್ಟೋಕಾಗುತ್ತಾ?"

ಎಳೆಯದು ಮೆತ್ತಗಿರುತ್ತದೆ, ಬಲಿತದ್ದು ಒರಟು, ಇಷ್ಟೇ ಎಂದು ವಿವರಿಸಿದೆ. ಆಕೆ ತನ್ನ ತಾಕಿಗೆ ಹೋದಳು. ಆ ಗಿಡವನ್ನು ಚೀಲಕ್ಕೆ ಹಾಕಿದಳೋ ಇಲ್ಲವೋ ನೋಡಲಿಲ್ಲ.

ಜುಲೈ ೧೯

ಹುರಿದ ಮಣ್ಣಿನಲ್ಲೂ ಐದುಬೆರಳು. ಒಂಬತ್ತು.

ಕಿತ್ತೆ. ಯಾಕೋ ಕೈ ತಡೆಯಿತು. ಆದರೂ ಕಿತ್ತೆ.

ಜುಲೈ ೨೦

ಇವಳ ಚೀಲದ ಹಿಡಿ ಕಿತ್ತುಹೋಗಿತ್ತು. "ಒಂಬತ್ತನೇ ನಂಬರಿನ ಅಂಗಡಿಗೆ ಕೊಟ್ಟು ಬನ್ನಿ, ನಾನು ಫೋನು ಮಾಡಿದ್ದೀನಿ" ಎಂದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಕೂತವಳು. ಸಮಾಚಾರದ ಸುದ್ದಿಯೆಲ್ಲ ಫೋನಿನಲ್ಲಿ ಹಿಡಿಯುವುದು ಅವಳೇ. ದರ್ಜಿಯಾಕೆಯ ಜೊತೆ ಯಾವಾಗ ಸ್ನೇಹವಾಯಿತೋ ನನಗೆ ತಿಳಿಯದು. ಅಲ್ಲಿ ಅಕ್ಕ, ಇಲ್ಲಿ ತಂಗಿ ನಡೆಯುತ್ತಿದೆ.

ಅಂಗಡಿ ಚಿಕ್ಕದು. ಎರಡು ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಗೆ ಮೂರು ಟೇಪು ನೇತುಹಾಕಿದೆ, ಮೂರರ ಮೇಲೂ ಕೊಂಡ ವರ್ಷ ಬರೆದಿದೆ. ಅದನ್ನು ನೋಡಿ ಏನೋ ಹೇಳಲು ಬಾಯಿ ತೆರೆದೆ. ಆಗ ಕಿಟಕಿಯಲ್ಲಿ ಡಬ್ಬದೊಳಗಿನ ಗಿಡ ಕಾಣಿಸಿತು. ಮೊಣಕಾಲೆತ್ತರ.

"ಹೋದ ವರ್ಷ ಮೊದಲ ಭಾನುವಾರ ಕಿತ್ತದ್ದು ಭಾವ. ಬಿಸಾಕೋಕೆ ಮನಸ್ಸು ಬರಲಿಲ್ಲ. ಬೈಬೇಡಿ."

ಭಾವ ಎಂದಳು. ಗಿಡದ ಕೆಳಗಿನ ಎಲೆಗಳೆಲ್ಲ ಐದು ಸೀಳಿನವು. ನಡುವೆ ಮೂರು ಸೀಳು. ಅದರ ಮೇಲೆ ಒಂದು. ತುದಿಯ ನಾಲ್ಕು ಎಲೆಗಳಿಗೆ ಸೀಳೇ ಇಲ್ಲ. ಸೌಟಿನ ಆಕಾರ, ಹೊಳಪು.

ನಾನು ಸ್ಟೂಲಿನ ಮೇಲೆ ಕೂತೆ. ಆಕೆ ನೀರು ಕೊಟ್ಟಳು. ಯಂತ್ರಕ್ಕೆ ಚೀಲ ಸಿಕ್ಕಿಸಿ ಹಿಡಿ ಹೊಲಿದಳು. ನನ್ನ ಕಡೆ ನೋಡಲಿಲ್ಲ.

"ಯಾವಾಗ ಗೊತ್ತಾಯಿತು?" ಎಂದೆ.

"ಮೇಲಿನ ಎಲೆ ಬಿಚ್ಚಿ ಹದಿನೈದು ದಿನ ಆಯ್ತು. ಹೇಳೋಕೆ ಬಂದಿದ್ದೆ, ಮುಟ್ಟಿ ನೋಡಿ ಅಂದೆ."

ಜುಲೈ ೨೧

ಬರೆಯುವುದಕ್ಕೆ ಏನೂ ಇಲ್ಲ.

ಜುಲೈ ೨೨

ಬೋರ್ಡಿನ ಮೇಲಿನ ಚಿತ್ರವನ್ನು ಬಿಚ್ಚಿ ತಂದು ಮೇಜಿನ ಮೇಲಿಟ್ಟು ನೋಡಿದೆ. ಪಕ್ಕದಲ್ಲಿ ನಿಜವಾದ ಕಳೆಯ ಒಂದು ಎಲೆ, ದರ್ಜಿಯಾಕೆಯ ಗಿಡದ ಒಂದು ಎಲೆ. ಕಳೆಯ ಅಂಚು ಗರಗಸದ ಹಾಗಿದೆ. ಚಿತ್ರದ ಅಂಚು ನುಣುಪು. ಚಿತ್ರದಲ್ಲಿ ಮುರಿದ ತೊಟ್ಟಿನ ತುದಿಗೆ ಒಂದು ಹನಿಯನ್ನೂ ಬರೆದಿದ್ದೇನೆ. ಅಷ್ಟು ನಿಷ್ಠೆಯಿಂದ ಬರೆದಿದ್ದೇನೆ. ನೆನಪಿದೆ, ಆವತ್ತು ಕಳೆಯ ಗುಂಪಿನಿಂದ ಅತಿ ಚೊಕ್ಕವಾದ ಗಿಡವನ್ನು ಆರಿಸಿದ್ದೆ. ಅಳತೆಯೆಲ್ಲ ಸರಿ. ವಸ್ತುವೇ ತಪ್ಪು.

ಹದಿನಾಲ್ಕು ಮಳೆಗಾಲ. ಮುನ್ನೂರು ಮನೆ. ಪ್ರತಿ ವರ್ಷ ಎಷ್ಟು ಚೀಲ ಎಂದು ಸಮಾಚಾರದಲ್ಲಿ ಹೆಮ್ಮೆಯಿಂದ ಹಾಕಿದ್ದೇನೆ. ಚಿತ್ರ ನೋಡಿ ಗಿಡ ಕಿತ್ತೆವು, ಕಿತ್ತ ಗಿಡ ನೋಡಿ ಚಿತ್ರ ಸರಿ ಎಂದೆವು. ಮೈಗೂ ಬಟ್ಟೆಗೂ ಒಂದೇ ಟೇಪು. ಬಸ್ಸುಗಳ ಹೊಗೆಯಂತೆ.

ಜುಲೈ ೨೫

ಆಗಸ್ಟಿನ ಸಂಚಿಕೆಗೆ ತಿದ್ದುಪಡಿ ಬರೆದೆ. ಮೊದಲ ಕರಡು ಎರಡು ಪುಟ: ಸಸ್ಯಶಾಸ್ತ್ರದ ಪುಸ್ತಕಗಳ ಬೇಜವಾಬ್ದಾರಿ. ಎರಡನೆಯದು ಒಂದೂವರೆ ಪುಟ: ಹದಿನಾಲ್ಕು ವರ್ಷ ಈ ಚಿತ್ರವನ್ನು ನೋಡಿಯೂ ಸುಮ್ಮನಿದ್ದ ಉದ್ಯಾನ ಕಚೇರಿ. ಮೂರನೆಯದರಲ್ಲಿ ‘ಗೊಂದಲ ಉಂಟಾಗಿರುತ್ತದೆ’ ಎಂದು ಬರೆದೆ.

ಇವಳು ಕನ್ನಡಕ ಹಾಕಿಕೊಂಡು ಮೂರನ್ನೂ ಓದಿದಳು.

"ಚೆನ್ನಾಗಿದೆ. ತಪ್ಪು ಮಾಡಿದ್ದು ಯಾರು ಅಂತ ಮಾತ್ರ ಎಲ್ಲೂ ಇಲ್ಲ."

"ಓದಿದವರಿಗೆ ತಿಳಿಯುತ್ತೆ."

"ಎರಡು ಪುಟ ಓದೋ ಹೊತ್ತಿಗೆ ಅವರು ಇನ್ನೂ ನಾಲ್ಕು ಸಸಿ ಕಿತ್ತಿರ್ತಾರೆ ಕಣ್ರೀ."

ನಾಲ್ಕನೆಯದನ್ನು ಇಲ್ಲಿ ನಕಲು ಮಾಡಿಡುತ್ತೇನೆ: ‘ಐದುಬೆರಳು ಎಂದು ನಾನು ಹದಿನಾಲ್ಕು ವರ್ಷದ ಹಿಂದೆ ಬರೆದ ಚಿತ್ರ ದೊಡ್ಡಮ್ಮನ ಸಸಿಯದು. ತಪ್ಪು ನನ್ನದು. ಇವತ್ತಿನಿಂದ ಯಾರೂ ಏನನ್ನೂ ಕೀಳಬೇಡಿ. ಭಾನುವಾರ ಬನ್ನಿ, ಒಂಬತ್ತನೇ ನಂಬರಿನವರು ಎರಡರ ವ್ಯತ್ಯಾಸ ತೋರಿಸುತ್ತಾರೆ.’

ಆಗಸ್ಟ್‌ವರೆಗೆ ಕಾಯಲಿಲ್ಲ. ಅದೊಂದೇ ಹಾಳೆಯನ್ನು ಮುನ್ನೂರು ಪ್ರತಿ ತೆಗೆಸಿ ಇವಳೂ ನಾನೂ ಸಂಜೆ ಮನೆಮನೆಗೆ ಹಾಕಿ ಬಂದೆವು. ಮೂರನೇ ಬೀದಿಯ ಮೆಟ್ಟಿಲಲ್ಲಿ ಇವಳು ಉಸ್ಸೆಂದು ಕೂತಳು. ನಾನೂ ಕೂತೆ. ಬಹಳ ದಿನದ ಮೇಲೆ ಇಬ್ಬರೂ ಹಾಗೆ ರಸ್ತೆ ನೋಡುತ್ತಾ ಕೂತದ್ದು.

ಜುಲೈ ೩೦, ಭಾನುವಾರ

ಐವತ್ತಕ್ಕೂ ಹೆಚ್ಚು ಜನ. ಇಷ್ಟು ಜನ ಯಾವ ಭಾನುವಾರವೂ ಬಂದಿಲ್ಲ. ಇನ್‌ಸ್ಪೆಕ್ಟರು ತಪ್ಪು ಒಪ್ಪಿಕೊಂಡದ್ದನ್ನು ಕಣ್ಣಾರೆ ನೋಡಲು ಬಂದರೆಂದು ಕಾಣುತ್ತದೆ. ನಾನು ಹಾಳೆ ತೆಗೆದು ಓದಲು ಶುರು ಮಾಡಿದೆ. ಮೇಷ್ಟ್ರು ಕುರ್ಚಿಯಿಂದ ಎದ್ದ.

"ಓದ್ಬೇಡಿ ಸಾರ್, ಎಲ್ಲರೂ ಓದಿಯಾಗಿದೆ. ನಮ್ಮ ಮನೆ ಬಾಗಿಲಿಗೆ ಅಂಟಿಸಿದ್ದೀನಿ. ಮೂರನೇದು."

ಈ ಸಲ ನಾನೂ ನಕ್ಕೆ ಎಂದು ಇವಳು ಹೇಳುತ್ತಾಳೆ.

ಆಮೇಲೆ ದರ್ಜಿಯಾಕೆ ಕಲಿಸಿದಳು. ಚಿತ್ರವಿಲ್ಲ, ಪುಸ್ತಕವಿಲ್ಲ. ಕಣ್ಣು ಮುಚ್ಚಿಸಿ ಎರಡು ಎಲೆಯ ಹಿಂಬದಿಯನ್ನು ಮುಟ್ಟಿಸಿದಳು. "ಇದು ಮೆತ್ತನೆ ಬಟ್ಟೆ, ಇದು ಗೋಣಿ. ಮೆತ್ತಗಿರೋದನ್ನ ಬಿಡಿ, ಗೋಣಿ ಕೀಳಿ." ಆರು ವರ್ಷದ ಮಗುವೂ ಕಲಿಯಿತು. ಅಂಗಡಿಯಿಂದ ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ಚೀಲ ತುಂಬ ತಂದಿದ್ದಳು. ಸಸಿ ಸಿಕ್ಕಲ್ಲಿ ಒಂದು ಕಡ್ಡಿ ನೆಟ್ಟು ಚೂರು ಕಟ್ಟುವುದು.

ಆದರೆ ಈ ಮಳೆಗಾಲದ ಆರು ಭಾನುವಾರ ನಾವು ಕಿತ್ತಾಗಿದೆ. ಇಡೀ ಬೆಳಿಗ್ಗೆ ಹುಡುಕಿ ಸಿಕ್ಕಿದ್ದು ಹನ್ನೊಂದು.

ಹನ್ನೊಂದರಲ್ಲಿ ಎಂಟು ಏಳನೇ ತಾಕಿನಲ್ಲಿ. ಮೇಷ್ಟ್ರು ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಸರಿಸಿಕೊಂಡ, ಸಸಿಗೆ ಜಾಗ ಬಿಡುವಂತೆ.

ಆಗಸ್ಟ್ ೬, ಭಾನುವಾರ

ಹದಿನಾರು. ಮೂರನೇ ತಾಕಿನಲ್ಲಿ ಇಬ್ಬರು ಜಗಳವಾಡಿದರು, ಯಾರು ಮೊದಲು ಕಂಡದ್ದೆಂದು.

ಒಂದನೇ ತಾಕಿನಲ್ಲಿ ಇಲ್ಲ.

ಆಗಸ್ಟ್ ೧೩, ಭಾನುವಾರ

ಮಳೆ. ಛತ್ರಿ ಹಿಡಿದುಕೊಂಡೇ ಹುಡುಕಿದೆವು. ಇಪ್ಪತ್ತೆರಡು. ತಡವಾಗಿ ಮೊಳೆತವು ಈಗ ಎಲೆ ಬಿಚ್ಚುತ್ತಿವೆ. ಬಂಡೆಯ ಸಂದಿಯಲ್ಲಿ, ಚೀಲ ಇಡುತ್ತಿದ್ದ ಜಾಗದಲ್ಲಿ, ನಮ್ಮ ಕೈ ಹೋಗದ ಕಡೆ. ನಾನು ಒಂದನೇ ತಾಕಿನಲ್ಲಿ ಎರಡು ಗಂಟೆ ಮೊಣಕಾಲೂರಿದ್ದೆ. ದರ್ಜಿ ತಂಗಿ ಬಂದು ಪಕ್ಕದಲ್ಲಿ ಕೂತು ತಾನೂ ಹುಡುಕಿದಳು. ಎದ್ದು ಹೋಗುವಾಗ, "ಭಾವ, ನಾಲ್ಕನೇದರಲ್ಲಿ ಕೈ ಬೇಕು, ಬನ್ನಿ" ಎಂದಳು. ಅಲ್ಲಿ ಕೈ ಬೇಕಿರಲಿಲ್ಲ, ಜನ ಸಾಕಷ್ಟಿದ್ದರು. ಹೋದೆ.

ಆಗಸ್ಟ್ ೨೭, ಭಾನುವಾರ

ಇಪ್ಪತ್ತೊಂಬತ್ತು.

ಆಗಸ್ಟ್ ೨೯

ಅಧಿಕಾರಿ ಮೇಡಂ ಲೆಕ್ಕಕ್ಕೆ ಬಂದರು. ಮಣ್ಣಿನಲ್ಲಿ ಕೂತು ಒಂದೊಂದು ಸಸಿಯನ್ನೂ ಸ್ವತಃ ಮುಟ್ಟಿ ನೋಡಿದರು, ತಂಗಿ ಹೇಳಿಕೊಟ್ಟಂತೆ. ಪುಸ್ತಕದಲ್ಲಿ ಬರೆದುಕೊಂಡರು. ಹಿಂದಿನ ಐವರು ಮೆಟ್ಟಿಲ ಮೇಲೆ ನಿಂತೇ ಸಹಿ ಹಾಕಿ ಹೋಗುತ್ತಿದ್ದವರು.

"ಇಪ್ಪತ್ತೊಂಬತ್ತು ಸಾರ್."

"ಹೌದು."

"ಒಂದು ಕಮ್ಮಿ."

"ಹೌದು" ಎಂದೆ. ಮೊದಲಿನ ನಾನಾಗಿದ್ದರೆ ಏನಾದರೂ ವಾದಿಸುತ್ತಿದ್ದೆನೇನೋ. ಮೂವತ್ತು ಎಂದರೆ ಮೂವತ್ತು. ಒಂದು ಗ್ರಾಂ ಕಡಿಮೆಯಿದ್ದ ತೂಕದ ಕಲ್ಲನ್ನೂ ನಾನು ಬಿಟ್ಟವನಲ್ಲ. ತಂಗಿ ನೆಲ ನೋಡುತ್ತಿದ್ದಳು. ಇವಳು ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು.

ಆಗ ಮೇಷ್ಟ್ರು, "ಮೇಡಂ, ನನ್ನ ಕುರ್ಚಿ ಕೆಳಗೆ ನೋಡಿದ್ರಾ?" ಎಂದ.

ಕುರ್ಚಿ ಎತ್ತಿದರು. ನಾಲ್ಕು ಕಾಲುಗಳ ನಡುವೆ, ನೆರಳಿನಲ್ಲಿ, ಬೆರಳುದ್ದದ ಸಸಿ.

"ಮೊನ್ನೆನೇ ಕಂಡಿದ್ದೆ" ಎಂದ. "ನಾಳೆ ಹೇಳೋಣ ಅಂತಿದ್ದೆ."

ನಾನು ಅವನನ್ನು ತಬ್ಬಿಕೊಂಡೆನೆಂದು ಸಾಕ್ಷಿಗಳು ಹೇಳುತ್ತಾರೆ. ಈ ದಿನಚರಿ ಅದನ್ನು ದೃಢಪಡಿಸುವುದಿಲ್ಲ.

ಸೆಪ್ಟೆಂಬರ್ ೧೫

ಇವತ್ತು ಕಡಿದರು. ಹೋಗಬಾರದು ಎಂದುಕೊಂಡಿದ್ದೆ, ಹೋದೆ. ನಿನ್ನೆಯೇ ಕೊಂಬೆಗಳನ್ನು ಹಗ್ಗ ಕಟ್ಟಿ ಇಳಿಸಿದ್ದರು. ಕಾಂಡ ಒಂದೇ ನಿಂತಿತ್ತು. ಮೂವತ್ತೂ ಸಸಿಗಳ ಬಳಿ ಬಟ್ಟೆಯ ಚೂರು, ಅಂಗಿಯದು, ಪರದೆಯದು, ಸಮವಸ್ತ್ರದ್ದು, ಇಳಿಜಾರು ಬಣ್ಣಬಣ್ಣವಾಗಿತ್ತು.

ಮರ ಕಡಿಯುವವರ ಮೇಸ್ತ್ರಿ ಬುಡದಲ್ಲಿ ನಿಂತು ಸುತ್ತ ನೋಡಿದ. "ಟೊಳ್ಳು ಮರ, ತುಂಡು ತುಂಡಾಗಿ ಇಳಿಸೋಕಾಗಲ್ಲ. ಒಂದೇ ಸಲ ಮಲಗಿಸ್ಬೇಕು. ಎತ್ತ ಮಲಗಿಸಲಿ ಮೇಡಂ? ಎಲ್ಲಾ ಕಡೆ ಬಟ್ಟೆ ಕಟ್ಟಿಟ್ಟಿದ್ದೀರಲ್ಲ."

ಅಧಿಕಾರಿ ಮೇಡಂ ತಾಕುಗಳನ್ನು ಒಂದೊಂದಾಗಿ ನೋಡಿದರು. ಎರಡರಲ್ಲಿ ಎರಡು, ಮೂರರಲ್ಲಿ ನಾಲ್ಕು, ಐದರಲ್ಲಿ ಒಂದು. ನಾನು ನೋಡಬೇಕಾಗಿರಲಿಲ್ಲ.

"ಒಂದನೇ ನಂಬರು" ಎಂದೆ.

"ಅಲ್ಲೇನೂ ಇಲ್ವಾ? ಮರೆಯಲ್ಲೆಲ್ಲಾದ್ರೂ ಒಂದು?" ಎಂದ ಮೇಸ್ತ್ರಿ.

"ಇಲ್ಲ. ಹದಿನಾಲ್ಕು ವರ್ಷ ನಾನೇ ನೋಡಿಕೊಂಡಿದ್ದೇನೆ."

ಹಗ್ಗ ಬಿಗಿದರು. ಗರಗಸ ಸ್ವಲ್ಪ ಹೊತ್ತು ಓಡಿ ನಿಂತಿತು. ದೊಡ್ಡಮ್ಮ ನಿಧಾನವಾಗಿ ವಾಲಿ, ಅಷ್ಟು ವರ್ಷ ನಾನು ಚೊಕ್ಕಟವಾಗಿಟ್ಟ ನೆಲದ ಮೇಲೆ ಉದ್ದಕ್ಕೆ ಮಲಗಿತು. ಅಕ್ಕಪಕ್ಕದ ಒಂದು ಚೂರು ಬಟ್ಟೆಯೂ ಅಲುಗಲಿಲ್ಲ.

"ಅಳತೆ ಮಾಡಿದ ಹಾಗೆ ಕೂತಿತು" ಎಂದ ಮೇಸ್ತ್ರಿ.

ಸೆಪ್ಟೆಂಬರ್ ೨೪, ಭಾನುವಾರ

ಕಾಂಡವನ್ನು ಅಲ್ಲೇ ಕೊಳೆಯಲು ಬಿಡುತ್ತಾರೆ, ಸಸಿಗಳಿಗೆ ಒಳ್ಳೆಯದಂತೆ. ಹಾಗಾಗಿ ನನಗೆ ತಾಕಿಲ್ಲ. ಬೆಳಿಗ್ಗೆ ಎಲ್ಲಿ ಹೋಗಬೇಕೆಂದು ತೋಚದೆ ಮೆಟ್ಟಿಲ ಬಳಿ ನಿಂತಿದ್ದೆ.

"ಏಳರಲ್ಲಿ ಅರ್ಧ ನಿಮಗೆ" ಎಂದರು ಮೇಷ್ಟ್ರು.

"ಏನು ಮಾಡಬೇಕು?"

"ನಾನು ಇಷ್ಟು ವರ್ಷ ಏನು ಮಾಡ್ತಿದ್ನೋ ಅದೇ."

ಸುಮಾರು ಒಂದು ಗಂಟೆ ಹಾಗೇ ಕೂತಿದ್ದೆ. ನೀಲಿ ಬಾಲದ ಹಕ್ಕಿಯೊಂದು ಬಂದು ಕಾಂಡದ ಮೇಲೆ ನಡೆದಾಡಿತು. ಅದರ ಹೆಸರು ಮೇಷ್ಟ್ರಿಗೆ ಗೊತ್ತಿತ್ತು, ನನಗಿರಲಿಲ್ಲ. ಸಮಾಚಾರಕ್ಕೆ ಬರೆದುಕೊಂಡೆ. ಆಮೇಲೆ ಕಾಲ ಬಳಿ ಒಂದು ಐದು ಸೀಳಿನ ಎಲೆ ಕಾಣಿಸಿತು. ಬಗ್ಗಿ ಹಿಂಬದಿಯನ್ನು ಮುಟ್ಟಿದೆ. ಗೋಣಿಯ ಹಾಗೇ ಒರಟಾಗಿತ್ತು. ಅಂಚು ನೋಡಿದೆ, ಗರಗಸ. ತೊಟ್ಟು ಚಿವುಟಿದೆ, ಹಾಲಿಲ್ಲ.

ಆದರೂ ತಂಗಿಯನ್ನು ಕೂಗಿದೆ. ಅವಳು ಒಂಬತ್ತರಿಂದ ಕೈ ಒರೆಸಿಕೊಳ್ಳುತ್ತಾ ಬಂದು ಮುಟ್ಟಿ ನೋಡಿದಳು.

"ಕಳೆನೇ ಭಾವ. ಧೈರ್ಯವಾಗಿ ಕೀಳಿ."

ಕಿತ್ತೆ.